ಸಂಜೆಯ ಗೇಣು

ಗೇಣಕ್ಕನ ಅಂಗಡಿಗೆ ಸೈಕಲ್ ತಂದವರು ಮೊದಲು ತೋರಿಸಬೇಕಾದದ್ದು ಸೈಕಲ್ಲನ್ನಲ್ಲ, ಅಂಗೈಯನ್ನು. ಬ್ರೇಕು ಹಿಡಿಯುತ್ತಿಲ್ಲ ಎಂದು ಯಾರಾದರೂ ಶುರುಮಾಡಿದರೆ ಅವಳು ತಲೆ ಎತ್ತದೆ, “ಇಲ್ಲಿಡಿ ಕೈ” ಎಂದು ಮೇಜಿನ ಅಂಚಿಗೆ ಮೊಳೆ ಹೊಡೆದಿರುವ ಮರದ ಪಟ್ಟಿಯನ್ನು ತೋರಿಸುತ್ತಾಳೆ. ಹೊಸಬರು ತಬ್ಬಿಬ್ಬಾಗುವುದುಂಟು. ಕೈ ನೋಡಿ ಭವಿಷ್ಯ ಹೇಳುವವಳ ಹತ್ತಿರ ಬಂದೆನೇನೋ ಎಂದುಕೊಂಡ ಒಬ್ಬಾತ, ಎಡಗೈ ಕೊಡಲೋ ಬಲಗೈ ಕೊಡಲೋ ಎಂದು ಕೇಳಿದ್ದ. “ಎರಡೂ ಕೊಡಿ. ಬ್ರೇಕು ಎರಡಿದೆಯಲ್ಲ” ಎಂದಿದ್ದಳು ಗೇಣಕ್ಕ.

ಹೆಬ್ಬೆರಳಿನ ಸಂದನ್ನು ಪಟ್ಟಿಯ ತುದಿಯ ಕಚ್ಚಿಗೆ ಒತ್ತಿ ತೋರುಬೆರಳನ್ನು ಚಾಚಬೇಕು. ಆ ಬೆರಳಿನ ಕೊನೆಯ ಗೆಣ್ಣು ಎಲ್ಲಿಗೆ ಬೀಳುತ್ತದೋ ಅಲ್ಲಿ ಅವಳು ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. ಹ್ಯಾಂಡಲಿನಿಂದ ಬ್ರೇಕಿನ ಹಿಡಿ ಆ ಗೆರೆಗಿಂತ ದೂರ ಇರಕೂಡದು. ಇಷ್ಟೇ ಅವಳ ಶಾಸ್ತ್ರ. “ಚಪ್ಪಲಿ ಮಾರೋನು ಕಾಲು ಅಳೀತಾನೆ, ಟೋಪಿ ಮಾರೋನು ತಲೆ ನೋಡ್ತಾನೆ. ಸೈಕಲ್ ಮಾರೋನು ಮಾತ್ರ ಮುಖ ನೋಡಿ, ಅಭ್ಯಾಸ ಆಗುತ್ತೆ ಬಿಡಿ ಅಂತಾನೆ” ಎನ್ನುವುದು ಅವಳ ಮಾತು. ಈ ಅಳತೆಯ ಹುಚ್ಚಿನಿಂದಲೇ ಅವಳಿಗೆ ಗೇಣಕ್ಕ ಎಂಬ ಹೆಸರು ಬಂದದ್ದು. ಹುಟ್ಟಿದಾಗ ಇಟ್ಟ ಹೆಸರು ಈಗ ವಿದ್ಯುತ್ ಬಿಲ್ಲಿನಲ್ಲೂ ಇಲ್ಲ. ಅಲ್ಲಿರುವುದು ಗಂಡನ ಹೆಸರು.

ಕೆಲಸ ಬಂದದ್ದು ಸೋದರತ್ತೆಯಿಂದ. ಸೋದರತ್ತೆ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟವಳು, ಬಾಯಿಗಿಂತ ಸ್ಪ್ಯಾನರನ್ನು ಹೆಚ್ಚು ಬಳಸಿದವಳು. ಗೇಣಕ್ಕ ಮದುವೆಯಾಗಿ ಬಂದ ದಿನ ಅವಳ ಕಬ್ಬಿಣದ ಪೆಟ್ಟಿಗೆಯನ್ನು ಇಬ್ಬರು ಸೇರಿ ಎತ್ತಬೇಕಾಯಿತು. ಪಾತ್ರೆ ಜೋರಾಗಿಯೇ ಕೊಟ್ಟು ಕಳಿಸಿದ್ದಾರೆ ಎಂದು ಗಂಡನ ಮನೆಯವರು ಖುಷಿಪಟ್ಟರು. ಮುಚ್ಚಳ ತೆಗೆದರೆ ಸ್ಪ್ಯಾನರು, ಸ್ಕ್ರೂಡ್ರೈವರು, ಚಕ್ರದ ಕಡ್ಡಿ ಬಿಗಿಯುವ ಕೀಲಿ, ಗ್ರೀಸಿನ ಡಬ್ಬ.

“ಇದರಲ್ಲಿ ಅಡುಗೆ ಹೇಗಮ್ಮ ಮಾಡ್ತೀಯಾ?” ಎಂದು ಕೇಳಿದ್ದರು ಅತ್ತೆ.

“ಅಡುಗೆ ಯಾರು ಬೇಕಾದ್ರೂ ಮಾಡಬಹುದು ಅತ್ತೆ. ಇದು ಎಲ್ಲರ ಕೈಲೂ ಆಗಲ್ಲ” ಎಂದಿದ್ದಳು ಹೊಸ ಸೊಸೆ. ಕೊನೆಗೆ ಎರಡನ್ನೂ ಅವಳೇ ಮಾಡಬೇಕಾಯಿತು ಎನ್ನುವುದು ಬೇರೆ ಮಾತು.

ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಕದವಿಲ್ಲದ ಬಾಗಿಲು. ಇಪ್ಪತ್ತೆರಡು ವರ್ಷ ಅವಳು ಕಣ್ಣಲ್ಲಿ ಚಕ್ರ ನೋಡುತ್ತ ಕಿವಿಯಲ್ಲಿ ಹಾಲು ಕಾದಿದ್ದಾಳೆ. ಗ್ರೀಸಾದ ಕೈಯನ್ನು ದಿನಕ್ಕೆ ಎಂಟೊಂಬತ್ತು ಸಲ ಸೋಪು ಹಾಕಿ ತಿಕ್ಕಿದ್ದಾಳೆ. ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ, ಗದರುವವನೂ ಅಲ್ಲ. ಆದರೆ ಅವನು ಕಚೇರಿಯಿಂದ ಬಂದರೆ ಕೆಲಸದಿಂದ ಬಂದಂತೆ. ಅವಳು ಅಂಗಡಿಯಿಂದ ಒಲೆಯ ಮುಂದೆ ಹೋದರೆ ದಿನವಿಡೀ ಮನೆಯಲ್ಲೇ ಇದ್ದಂತೆ.

ಮನೆಯ ಮೂರನೆಯವಳು ನಾದಿನಿ, ಗಂಡನ ತಂಗಿ. ಮೂವತ್ತನಾಲ್ಕು ವಯಸ್ಸು. ಮದುವೆ ಬೇಡ ಎಂದು ಒಮ್ಮೆ ಹೇಳಿ, ಎರಡನೆಯ ಸಲ ಯಾರೂ ಕೇಳದ ಹಾಗೆ ಹೇಳಿದವಳು. ಗಾತ್ರ ಚಿಕ್ಕದು, ಖಾರ ದೊಡ್ಡದು ಎಂದು ಬೀದಿಯವರೆಲ್ಲ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನಾದಿ, ಹಾಸಿಗೆಯ ಹೊದಿಕೆಗಳನ್ನು ಹಿಂಡಿ ಒಣಹಾಕಿ, ಎಂಟು ಗಂಟೆಗೆ ಅವಳು ಪರದೆ ಮತ್ತು ಸೋಫಾ ಹೊದಿಕೆ ತಯಾರಿಸುವ ಕಾರ್ಖಾನೆಯಲ್ಲಿರುತ್ತಿದ್ದಳು. ಅಲ್ಲಿ ಸಂಜೆ ಐದರವರೆಗೆ ಬಟ್ಟೆ ಕತ್ತರಿಸುವುದು. ಕಂಬಳಿಯಷ್ಟು ದಪ್ಪದ ಬಟ್ಟೆ, ಮೊಳದುದ್ದದ ಕತ್ತರಿ. ಆ ಕತ್ತರಿಯೂ ಅವಳ ಕೈಯನ್ನು ನೋಡಿ ಮಾಡಿದ್ದಲ್ಲ.

ಇಂಥ ಮೆಣಸಿಗೆ ರಸ್ತೆ ಓಟದ ಸೈಕಲ್ಲಿನ ಹುಚ್ಚು ಹಿಡಿಯಿತು. ಯಾರೋ ಬಿಟ್ಟ ಹಳೆಯ ಸೈಕಲ್ಲೊಂದನ್ನು ಕೊಂಡು ತಂದು, ಸೈಕಲ್ ಕ್ಲಬ್ಬಿಗೆ ಸೇರಿದಳು. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೆರಡು ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುತ್ತಿದ್ದರು. ವಾರದಲ್ಲಿ ಆ ನಾಲ್ಕು ಗಂಟೆ ಮಾತ್ರ ಯಾರೂ ಅವಳನ್ನು ಕೂಗುತ್ತಿರಲಿಲ್ಲ. ಸಾಬೂನು ಎಲ್ಲಿದೆ, ನನ್ನ ಅಂಗಿಯ ಗುಂಡಿ ಯಾಕೆ ಹೊಲಿದಿಲ್ಲ, ಮೇಜಿನ ಮೇಲೆ ಇದೇನು ಕಲೆ, ಒಂದೂ ಇಲ್ಲ. “ಅತ್ತಿಗೆ, ಅಲ್ಲಿ ಬರೀ ಗಾಳಿ ಮಾತಾಡುತ್ತೆ. ಅದೂ ಕೆಲಸ ಹೇಳಲ್ಲ” ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ಕ್ಲಬ್ಬಿನವರು ಎರಡು ಗುಡ್ಡ ಹತ್ತಿಳಿಯುವ ದೊಡ್ಡ ಸವಾರಿ ಮಾಡುತ್ತಿದ್ದರು. ಅದಕ್ಕಾಗಿ ಮೆಣಸು ಎಂಟು ತಿಂಗಳು ತಯಾರಿ ನಡೆಸಿದ್ದಳು.

ದೊಡ್ಡ ಸವಾರಿಗೆ ಒಂದು ವಾರ ಇರುವಾಗ ಅವಳು ಬಿದ್ದಳು.

ಬಿದ್ದದ್ದು ಜಲಾಶಯದ ಇಳಿಜಾರಿನಲ್ಲಿ, ಅಭ್ಯಾಸ ಮುಗಿಸಿ ವಾಪಸು ಬರುವಾಗ. ಮುಂದಿನವರು ನಿಧಾನ ಮಾಡಿದರು. ಮೆಣಸಿನ ಬೆರಳು ಬ್ರೇಕಿಗೆ ಎಟುಕಿತು, ಆದರೆ ತುದಿ ಮಾತ್ರ. ಜಾರಿತು. ಮುಂದಿನ ಸೈಕಲ್ಲಿನ ಹಿಂಚಕ್ರಕ್ಕೆ ಡಿಕ್ಕಿ ಹೊಡೆದು ತಾನೂ ಬಿದ್ದು ಇನ್ನಿಬ್ಬರನ್ನೂ ಬೀಳಿಸಿದಳು. ಮೊಣಕೈಗಳು ತರಚಿದವು, ಮೂಳೆಗಳು ಉಳಿದವು. ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತ ಡ್ರಿಲ್ ಮಾಸ್ತರು. ದನಿ ಏರಿಸದೆ ಹೇಳಿದರು: “ಶನಿವಾರ ಸಂಜೆ ಐದೂವರೆಗೆ ಇದೇ ಇಳಿಜಾರಲ್ಲಿ ಒಬ್ಬಳೇ ಇಳಿದು ಬಾ. ನಾನು ಸುಣ್ಣದ ಗೆರೆ ಎಳೆದಿರ್ತೀನಿ. ಗೆರೆಯ ಒಳಗೆ ನಿಂತರೆ ಭಾನುವಾರ ಸಾಲಿನಲ್ಲಿ ಇರ್ತೀಯ. ದಾಟಿದರೆ ಇಲ್ಲ. ಈ ಸಲವೂ ಇಲ್ಲ, ಮುಂದೂ ಇಲ್ಲ. ಬೇಜಾರು ಮಾಡ್ಕೋಬೇಡ, ನಿನ್ನ ಮುಂದಿರೋರಿಗೂ ಮೊಣಕೈ ಇರುತ್ತೆ.”

ಮಾತು ನ್ಯಾಯವಾಗಿತ್ತು. ಅದೇ ಮೆಣಸಿಗೆ ಹೆಚ್ಚು ಉರಿದದ್ದು.

ಮನೆಯಲ್ಲಿ ಅಣ್ಣ ಬ್ಯಾಂಡೇಜು ನೋಡಿ ತಲೆಯಾಡಿಸಿದ. “ಅದು ಗಂಡಸರು ಓಡಿಸೋ ಸೈಕಲ್ಲು ಕಣೇ. ಮಾರಿಬಿಡು.”

“ಬ್ರೇಕು ದೂರ ಇದೆ ಅಣ್ಣ. ಕೈಗೆ ಸಿಗಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಗೇಣಕ್ಕ ಅಡುಗೆಮನೆಯಿಂದ ಹೊರಗೆ ಬಂದಳು, ಕೈಯಲ್ಲಿ ಸೌಟು. “ಆ ಗಾದೆ ಮಾಡಿದೋರು ನೆಲ ಅಳೆದು ನೋಡಿದ್ರೇನ್ರೀ? ಕುಣಿಯೋಳನ್ನ ಮಾತ್ರ ನೋಡಿದ್ರು. ನೆಲ ನಿಜವಾಗ್ಲೂ ಡೊಂಕಾಗಿದ್ರೆ?”

ಹೇಳಿದಳಾದರೂ ಒಳಗೊಳಗೆ ಚುರುಕ್ ಎಂದಿತು. ಊರವರ ಕೈಯನ್ನೆಲ್ಲ ಅಳೆದವಳು ಎಂಟು ತಿಂಗಳಿಂದ ಮನೆಯವಳ ಕೈ ಅಳೆದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಕೇಳಿದರೆ ಅತ್ತಿಗೆಗೆ ಇನ್ನೊಂದು ಕೆಲಸ ಹೆಚ್ಚುತ್ತದೆ ಎಂದು ಮೆಣಸು ಕೇಳಿರಲಿಲ್ಲ. ಕೇಳಲಿಲ್ಲ ಎಂದು ಗೇಣಕ್ಕ ನೋಡಿರಲಿಲ್ಲ. ಆ ಮನೆಯ ಹೆಂಗಸರಿಬ್ಬರೂ ಒಬ್ಬರಿಗೊಬ್ಬರು ಕೆಲಸ ಉಳಿಸಲು ಹೋಗಿ ಈ ಸ್ಥಿತಿ.

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಸೈಕಲ್ಲು ರಿಪೇರಿ ಸ್ಟ್ಯಾಂಡು ಏರಿತು.

ಓಟದ ಸೈಕಲ್ಲಿನ ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ. ಮುಂದಕ್ಕೆ ಚಾಚಿ, ಕೆಳಕ್ಕೆ ಬಾಗಿ, ಹಿಂದಕ್ಕೆ ತಿರುಗುತ್ತದೆ. ಬ್ರೇಕಿನ ಹಿಡಿಗಳು ಆ ಕೊಂಬಿನ ತಿರುವಿನಲ್ಲಿ ಕೂತಿರುತ್ತವೆ. ಇಳಿಜಾರಿನಲ್ಲಿ ಸವಾರರು ಬಗ್ಗಿ ಕೆಳಗಿನ ಬಾಗನ್ನು ಹಿಡಿದು, ಅಲ್ಲಿಂದ ಬೆರಳು ಚಾಚಿ ಹಿಡಿಯನ್ನು ಎಳೆಯಬೇಕು. ಮೆಣಸು ಕೈ ಪಟ್ಟಿಯ ಮೇಲಿಟ್ಟಳು. ಗೇಣಕ್ಕ ಗೆರೆ ಎಳೆದು, ಹ್ಯಾಂಡಲಿನಿಂದ ಹಿಡಿಗೆ ಇರುವ ದೂರವನ್ನು ಅಳೆದು, ತುಟಿ ಕಚ್ಚಿದಳು.

“ಎಂಟು ತಿಂಗಳು ಹೇಗೆ ಓಡಿಸಿದೆಯೇ ಇದನ್ನ?”

“ಹಲ್ಲು ಕಚ್ಚಿಕೊಂಡು ಅತ್ತಿಗೆ.”

“ಹಲ್ಲಿಗೆ ಬ್ರೇಕು ಕಟ್ಟೋ ಕಲೆ ನನಗೆ ಗೊತ್ತಿಲ್ಲ. ಬೆರಳಿಗೇ ಮಾಡೋಣ.”

ಮೊದಲು ಹ್ಯಾಂಡಲಿಗೆ ಸುತ್ತಿದ್ದ ದಪ್ಪ ಪಟ್ಟಿಯನ್ನು ಬಿಚ್ಚಿ ಎಸೆದಳು. ಮೆತ್ತಗಿರಲಿ ಎಂದು ಸುತ್ತುವ ಆ ಪಟ್ಟಿ ಚಿಕ್ಕ ಕೈಯ ಗೇಣನ್ನು ಅರ್ಧ ತಿಂದುಬಿಡುತ್ತದೆ. ಹ್ಯಾಂಡಲನ್ನು ಸೈಕಲ್ಲಿಗೆ ಕೂಡಿಸುವ ಕತ್ತಿನ ತುಂಡನ್ನು ತೆಗೆದು ಗಿಡ್ಡದೊಂದನ್ನು ಹಾಕಿದಳು, ಮೆಣಸು ಅಷ್ಟು ಮುಂದಕ್ಕೆ ಬಾಗಬೇಕಿಲ್ಲದಂತೆ. ಹಿಡಿಗಳನ್ನು ಸಡಿಲಿಸಿ ಕೊಂಬಿನ ತಿರುವಿನಲ್ಲಿ ಒಂದು ಬೆರಳು ಮೇಲಕ್ಕೆ ಜರುಗಿಸಿದಳು. ಹೊಸ ಬಗೆಯ ಹಿಡಿಗಳಲ್ಲಾದರೆ ಪುಟ್ಟ ಸ್ಕ್ರೂ ಇರುತ್ತದೆ, ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ. ಇದು ಹಳೆಯದು, ಸ್ಕ್ರೂ ಇಲ್ಲ. ಅದಕ್ಕೆ ಅವಳು ಹಳೆಯ ಬೂಟಿನ ಹಿಮ್ಮಡಿಯಿಂದ ಗಟ್ಟಿ ರಬ್ಬರು ಕೊಯ್ದು ಬೆಣೆ ಮಾಡಿದಳು. ಹಿಡಿಯ ಬುಡದಲ್ಲಿ ಬೆಣೆ ಕೂರಿಸಿದರೆ ಹಿಡಿ ಪೂರ್ತಿ ಹಿಂದಕ್ಕೆ ಹೋಗಲಾರದು, ಬೆರಳಿಗೆ ಹತ್ತಿರವೇ ನಿಲ್ಲುತ್ತದೆ. ಮೂರು ಮಿಲಿಮೀಟರ್ ದಪ್ಪದ ಬೆಣೆ, ಗೆರೆಗೆ ಸರಿಯಾಗಿ.

ಮೆಣಸು ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದಳು. ಹಿಂಚಕ್ರ ಕಿರ್ ಎಂದು ನಿಂತಿತು. ಮುಖ ಅರಳಿತ್ತು.

“ಬೆಣ್ಣೆ ಅತ್ತಿಗೆ, ಬೆಣ್ಣೆ!”

ಗೇಣಕ್ಕ ಕೈ ಒರೆಸಿಕೊಂಡಳು. ಅವಳಿಗೆ ತನ್ನ ಕೆಲಸದ ಮೇಲೆ ಅನುಮಾನ ಇರುತ್ತಿರಲಿಲ್ಲ. ಅಂದೂ ಇರಲಿಲ್ಲ.

ಗುರುವಾರ ಸಂಜೆ ಕಾರ್ಖಾನೆಯಿಂದ ನೇರ ಇಳಿಜಾರಿಗೆ ಹೋದ ಮೆಣಸು, ಏಳು ಗಂಟೆಗೆ ಸೈಕಲ್ಲನ್ನು ತಳ್ಳಿಕೊಂಡು ಬಂದಳು. ತಲೆಯಲ್ಲಿ ಒಣ ಎಲೆ, ತೋಳಿನ ತುಂಬ ಗೀರು. ಗೆರೆ ಇರಬೇಕಾದ ಜಾಗವನ್ನು ದಾಟಿ, ತಿರುವನ್ನೂ ದಾಟಿ, ಪೊದೆಯೊಳಗೆ ಹೋಗಿ ನಿಂತಿದ್ದಳು. ಒಂದು ಸಲವಲ್ಲ, ಎರಡು ಸಲ.

“ಹಿಡಿ ಸಿಕ್ಕಲಿಲ್ಲವಾ?”

“ಮಂಗಳವಾರ ಸಿಕ್ಕಿತ್ತು. ಇವತ್ತು ಸಿಕ್ಕಲಿಲ್ಲ. ನಿಮ್ಮ ಕೆಲಸ ಸರಿಯಾಗೇ ಇದೆ ಅತ್ತಿಗೆ, ನನ್ನ ಕೈಯೇ ಸರಿ ಇಲ್ಲ.” ಸೈಕಲ್ಲನ್ನು ಗೋಡೆಗೆ ಒರಗಿಸಿದಳು. “ಮಾರಿಬಿಡೋಣ. ಅಣ್ಣ ಹೇಳಿದ್ದು ನಿಜ.”

ಮೆಣಸಿನ ಬಾಯಲ್ಲಿ ಅಣ್ಣ ಹೇಳಿದ್ದು ನಿಜ ಎಂಬ ಮಾತು ಬಂದದ್ದು ಗೇಣಕ್ಕನಿಗೆ ಗೀರುಗಳಿಗಿಂತ ಹೆಚ್ಚು ಗಾಬರಿ ಹುಟ್ಟಿಸಿತು. ಬೆಣೆ ತೆಗೆದು ನೋಡಿದಳು, ಸವೆದಿರಲಿಲ್ಲ. ತಂತಿ ನೋಡಿದಳು, ಜಾರಿರಲಿಲ್ಲ. ಮರದ ಪಟ್ಟಿಯ ಮೇಲೆ ಮಂಗಳವಾರದ ಗೆರೆ ಹಾಗೆಯೇ ಇತ್ತು. ಯಾವುದೂ ಕದಲಿರಲಿಲ್ಲ.

ಊಟಕ್ಕೆ ಮೊದಲು ಮೆಣಸು ಮೂವರಿಗೂ ಚಹಾ ಮಾಡಲು ಹೋಗಿ ಸಕ್ಕರೆಯ ಗಾಜಿನ ಡಬ್ಬಿ ಹಿಡಿದು ನಿಂತಳು. ತಿರುಪಿನ ಮುಚ್ಚಳ. ಗಂಡನಿಗೆ ಯಾವ ಮುಚ್ಚಳವನ್ನೂ ಖಜಾನೆಯ ಬೀಗದಂತೆ ಬಿಗಿಯುವ ಚಟ. ಮೆಣಸಿಗೆ ಬರಲಿಲ್ಲ. ಗೇಣಕ್ಕ ಹಿಡಿದಳು, ಅವಳಿಗೂ ಬರಲಿಲ್ಲ. ಗಂಡ ಪತ್ರಿಕೆ ಮಡಚಿ ಬಂದು, ಟಕ್ ಎಂದು ತೆಗೆದು, ನಗಾಡಿದ. “ಇಬ್ಬರ ಕೈಯಲ್ಲೂ ಒಂದು ಡಬ್ಬಿಯಷ್ಟು ಬಲ ಇಲ್ಲ. ಇವರು ಗುಡ್ಡ ಇಳೀತಾರಂತೆ.” ಚಹಾ ಕುಡಿದ ಮೇಲೆ ತಾನೇ ಡಬ್ಬಿಯನ್ನು ಮತ್ತೆ ಅಷ್ಟೇ ಬಿಗಿಯಾಗಿ ಮುಚ್ಚಿಟ್ಟ. ತಮಾಷೆ ಇನ್ನೊಂದು ಸಲ ಬೇಕಿತ್ತೇನೋ.

ಶುಕ್ರವಾರ ಬೆಳಿಗ್ಗೆ ಐದೂಕಾಲು. ಗೇಣಕ್ಕ ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಮೆಣಸು ಇಂದು ಕಾರ್ಖಾನೆಗೆ ಬರುವ ಹೊಸ ಬಟ್ಟೆಯ ಬಗ್ಗೆ ಏನೋ ಹೇಳುತ್ತ, ಒಲೆಯ ಕಡೆ ನೋಡುತ್ತ, ಡಬ್ಬಿಯನ್ನು ಎತ್ತಿಕೊಂಡು ಒಂದೇ ತಿರುವಿಗೆ ಮುಚ್ಚಳ ತೆಗೆದಳು. ಮಾತು ನಿಲ್ಲಲಿಲ್ಲ. ತೆಗೆದದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಗೇಣಕ್ಕನ ಕೈಯಲ್ಲಿದ್ದ ತಟ್ಟೆ ನೀರಿಗೆ ಜಾರಿತು.

ಅದೇ ಡಬ್ಬಿ, ಅದೇ ಮುಚ್ಚಳ, ಮುಚ್ಚಿದವನೂ ಅವನೇ. ಕೈ ಕೂಡ ಅದೇ. ಬೇರೆಯಾದದ್ದು ಹೊತ್ತು ಒಂದೇ. ಗೇಣಕ್ಕ ತನ್ನದೇ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಬೆಳಗಿನ ಈ ಹೊತ್ತಿಗೆ ಹಗುರವಾಗಿ ಬಿಚ್ಚಿಕೊಳ್ಳುವ ಬೆರಳುಗಳು ಸಂಜೆ ಏಳಕ್ಕೆ ಅರ್ಧ ಮುಚ್ಚಿಕೊಂಡೇ ಇರುತ್ತವೆ. ನಾದಿದ್ದು, ಹಿಂಡಿದ್ದು, ತಿಕ್ಕಿದ್ದು, ಬಿಗಿದದ್ದು ಎಲ್ಲ ಗೆಣ್ಣುಗಳಲ್ಲಿ ಕೂತಿರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ, ಆದರೂ ಇಪ್ಪತ್ತೆರಡು ವರ್ಷ ಅವಳು ನೋಡಿರಲಿಲ್ಲ. ಅಂಗಡಿಗೆ ಬರುವ ಹೆಂಗಸರೆಲ್ಲ ಬರುತ್ತಿದ್ದದ್ದು ಬೆಳಿಗ್ಗೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ. ಅವಳು ಅಳೆದದ್ದೆಲ್ಲ ಬೆಳಗಿನ ಗೇಣು. ಅವರು ಬ್ರೇಕು ಹಿಡಿಯುತ್ತಿದ್ದದ್ದು ಸಂಜೆಯ ಗೇಣಿನಲ್ಲಿ, ಮನೆಗೆ ಓಡುವಾಗ.

“ಮೆಣಸು, ಇವತ್ತು ಸಂಜೆ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿರು. ಕೈಗೆ ಬಿಸಿನೀರು, ಎಣ್ಣೆ, ಏನೂ ಮುಟ್ಟಿಸಬೇಡ.”

“ಯಾಕೆ ಅತ್ತಿಗೆ?”

“ಅಳತೆ ತಪ್ಪಿದ್ದು ನಾನು. ನಿನ್ನ ಕೈ ಅಲ್ಲ.”

ಸಂಜೆ ಗೇಣಕ್ಕ ಮರದ ಪಟ್ಟಿಯನ್ನು ಮೊಳೆ ಸಮೇತ ಮೇಜಿನಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಐದು ಗಂಟೆಗೆ ಗೇಟು ತೆರೆಯಿತು. ನೂಲಿನ ಧೂಳು ಮೆತ್ತಿದ ಹೆಂಗಸರು ಹೊರಬಂದರು. ಮೆಣಸು ಬಂದವಳೇ, ಗೇಣಕ್ಕ ಗೋಡೆಗೆ ಒತ್ತಿ ಹಿಡಿದ ಪಟ್ಟಿಯ ಮೇಲೆ ಕೈ ಇಟ್ಟಳು. ಹೆಬ್ಬೆರಳು ಕಚ್ಚಿಗೆ ಒತ್ತಿ ತೋರುಬೆರಳು ಚಾಚಿದಳು. ಬೆರಳು ಮಂಗಳವಾರದ ಗೆರೆಗಿಂತ ಅರ್ಧ ಬೆರಳಿನ ಅಗಲದಷ್ಟು ಹಿಂದೆಯೇ ನಿಂತಿತು.

“ಇನ್ನೂ ಚಾಚು.”

“ಇಷ್ಟೇ ಅತ್ತಿಗೆ. ಇನ್ನು ಬರಲ್ಲ.”

“ಬರಬೇಕಾಗಿಲ್ಲ. ಸಾಕು.” ಗೇಣಕ್ಕ ಅಲ್ಲೇ ಎರಡನೆಯ ಗೆರೆ ಎಳೆದಳು. ಎಡಗೈಗೂ ಎಳೆದಳು. ಕತ್ತರಿ ಹಿಡಿಯುವ ಬಲಗೈಯ ಗೆರೆ ಎಡಗೈಯದಕ್ಕಿಂತ ಇನ್ನೂ ಹಿಂದಿತ್ತು.

ಅಷ್ಟರಲ್ಲಿ ಸುತ್ತ ಐದಾರು ಜನ ಸೇರಿದ್ದರು. ಏನಿದು, ಬಳೆಯ ಅಳತೆಯಾ ಎಂದು ಒಬ್ಬಳು ಕೇಳಿದಳು. ಬ್ರೇಕಿನ ಅಳತೆ ಎಂದರೆ ನಗು. ಇಸ್ತ್ರಿ ವಿಭಾಗದ ದಪ್ಪ ಹೆಂಗಸೊಬ್ಬಳು ಎಲ್ಲರನ್ನೂ ಸರಿಸಿ ಬಂದು ಕೈ ಚಾಚಿದಳು.

“ನನ್ನದೂ ಅಳೀರಿ ಅಕ್ಕ.”

“ನಿಮ್ಮ ಸೈಕಲ್ ಯಾವುದು?”

“ಸೈಕಲ್ ಎಲ್ಲಿಂದ ಬರಬೇಕು! ನಾನು ಬಸ್ಸಲ್ಲಿ ಹೋಗೋಳು. ಆದರೂ ಅಳೀರಿ. ಹತ್ತೊಂಬತ್ತು ವರ್ಷ ಆಯ್ತು, ಈ ಕೈ ಹೇಗಿದೆ ಅಂತ ಯಾರೂ ಕೇಳಿಲ್ಲ.”

ಗೇಣಕ್ಕ ಅವಳದನ್ನೂ ಅಳೆದಳು. ಉಳಿದವರು ಬಿಡಲಿಲ್ಲ ಎಂದು ಅವರದನ್ನೂ ಅಳೆದಳು. ಅರ್ಧ ಗಂಟೆ ಅಲ್ಲೇ ಹೋಯಿತು.

ಮನೆಗೆ ಬಂದವಳು ನೇರ ಸ್ಟ್ಯಾಂಡಿನ ಮುಂದೆ ಕೂತಳು. ಗಂಡ ಕದವಿಲ್ಲದ ಬಾಗಿಲಲ್ಲಿ ನಿಂತು ಒಲೆಯನ್ನೂ ಹೆಂಡತಿಯನ್ನೂ ಬಾರಿ ಬಾರಿ ನೋಡಿದ.

“ಊಟಕ್ಕೆ?”

“ನೀವೇ ಮಾಡಿ.”

“ನಾನಾ?”

“ಸಕ್ಕರೆ ಡಬ್ಬಿ ತೆಗೆಯೋ ಅಂಥ ಕೈ ರೀ ಅದು. ಸೌಟು ಹಿಡಿಯಕ್ಕೆ ಬರಲ್ವಾ? ಈ ಮನೇಲಿ ಈ ಹೊತ್ತಿಗೆ ದಣಿಯದೆ ಉಳಿದಿರೋ ಕೈ ನಿಮ್ಮದೊಂದೇ.”

ಮೆಣಸು ಅಕ್ಕಿಯ ಡಬ್ಬವನ್ನು ತಂದು ಅಣ್ಣನ ಕೈಯಲ್ಲಿಟ್ಟಳು. “ಮೂರು ಲೋಟ ಅಣ್ಣ. ನೀರು ಅದರ ಎರಡರಷ್ಟು.” ಅವನು ಡಬ್ಬ ಹಿಡಿದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಉಪ್ಪು ಎಲ್ಲಿದೆ ಎಂಬ ಕೂಗು ಕೇಳಿಸಿತು. ಇಬ್ಬರೂ ಉತ್ತರ ಕೊಡಲಿಲ್ಲ. ಆಮೇಲೆ ಕೂಗು ನಿಂತಿತು, ಉಪ್ಪು ಸಿಕ್ಕಿರಬೇಕು.

ಗೇಣಕ್ಕನ ಮುಂದೆ ಇದ್ದದ್ದು ಸಣ್ಣ ಕೆಲಸವಲ್ಲ. ಹೊಸ ಗೆರೆಗೆ ಸರಿಯಾಗಬೇಕೆಂದರೆ ಬೆಣೆಗಳು ಎರಡು ಪಟ್ಟು ದಪ್ಪ ಬೇಕು, ಬಲಗೈಯದು ಇನ್ನೊಂದಿಷ್ಟು. ಹಿಡಿ ಅಷ್ಟು ಹತ್ತಿರ ಬಂದರೆ ಅದನ್ನು ಎಳೆಯಲು ಉಳಿಯುವ ಜಾಗ ಕಡಿಮೆ. ಬ್ರೇಕು ಹಿಡಿಯುವ ಮೊದಲೇ ಹಿಡಿ ಹ್ಯಾಂಡಲಿಗೆ ಬಡಿದುಬಿಡುತ್ತದೆ. ಬಡಿಯಬಾರದು ಎಂದರೆ ಬ್ರೇಕಿನ ರಬ್ಬರುಗಳು ಚಕ್ರದ ರಿಮ್ಮಿಗೆ ತೀರ ಹತ್ತಿರ, ಕಾಗದ ತೂರುವಷ್ಟು ಹತ್ತಿರ, ಇರಬೇಕು. ಅಷ್ಟು ಹತ್ತಿರ ಇರಬೇಕೆಂದರೆ ಚಕ್ರ ಕೂದಲೆಳೆಯಷ್ಟೂ ಓಲಾಡಬಾರದು. ಮೆಣಸಿನ ಚಕ್ರವೋ ಎರಡು ಸಲ ಪೊದೆ ಹೊಕ್ಕು ಬಂದದ್ದು. ಹೀಗೆ ಒಂದು ಬೆಣೆಯ ಹಿಂದೆ ಇಡೀ ಸೈಕಲ್ಲು ಬಂತು.

“ಕಡ್ಡಿ ಕೀಲಿ ಕೊಡು” ಎಂದಳು. ಚಕ್ರ ತಿರುಗಿಸಿ, ರಿಮ್ಮು ಎಲ್ಲಿ ರಬ್ಬರಿಗೆ ಸವರುತ್ತದೆ ಎಂದು ಕಿವಿಗೊಟ್ಟು ಕೇಳಿ, ಆ ಕಡ್ಡಿಯನ್ನು ಕಾಲು ಸುತ್ತು ಬಿಗಿದು, ಎದುರಿನದನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ತಿರುಗಿಸಿದಳು. ಮೆಣಸು ರಬ್ಬರು ಕೊಯ್ದಳು. ಬಟ್ಟೆ ಕತ್ತರಿಸುವವಳ ಕಣ್ಣು, ಬೆಣೆಗಳು ಅಚ್ಚಿನಲ್ಲಿ ಎರೆದಂತೆ ಬಂದವು. ತುಕ್ಕಿನ ವಾಸನೆ ಬರುತ್ತಿದ್ದ ಹಳೆಯ ತಂತಿಯನ್ನು ಎಳೆದು ತೆಗೆದು ಹೊಸದು ಹಾಕಿದರು. ಬಿಗಿಯಾಗಿ ಓಡುವ ತಂತಿ ಬೆರಳಿನ ಅರ್ಧ ಬಲವನ್ನು ದಾರಿಯಲ್ಲೇ ಕುಡಿದುಬಿಡುತ್ತದೆ ಎಂದು ಸೋದರತ್ತೆ ಹೇಳುತ್ತಿದ್ದಳು.

ಊಟಕ್ಕೆ ಕರೆ ಬರುವ ಹೊತ್ತಿಗೆ ಚಕ್ರ ಸದ್ದಿಲ್ಲದೆ ತಿರುಗುತ್ತಿತ್ತು. ಮೆಣಸು ಕೆಳಗಿನ ಬಾಗನ್ನು ಹಿಡಿದು ಬೆರಳು ಚಾಚಿದಳು. ಹಿಡಿ ಬೆರಳಿನ ಒಳಮಡಿಕೆಗೆ ಬಂದು ಕೂತಿತು. ಎಳೆದಳು. ಚಕ್ರ ನಿಂತಿತು, ಹಿಡಿಗೂ ಹ್ಯಾಂಡಲಿಗೂ ನಡುವೆ ಇನ್ನೂ ಒಂದು ಬೆರಳು ಜಾಗ ಇತ್ತು. ಅವಳು ಬೆಣ್ಣೆ ಎನ್ನಲಿಲ್ಲ. ಬಿಟ್ಟಳು, ಎಳೆದಳು, ಬಿಟ್ಟಳು, ಎಳೆದಳು. ಇಪ್ಪತ್ತು ಸಲ. ಇಪ್ಪತ್ತನೆಯ ಸಲವೂ ಬೆರಳು ಜಾರಲಿಲ್ಲ.

ಅನ್ನ ತಳ ಹಿಡಿದಿತ್ತು. ಇಬ್ಬರೂ ಎರಡನೆಯ ಸಲ ಹಾಕಿಸಿಕೊಂಡರು.

ಶನಿವಾರ ಸಂಜೆ ಐದೂವರೆಗೆ ಮಾಸ್ತರು ಇಳಿಜಾರಿನ ಬುಡದಲ್ಲಿ ಸುಣ್ಣದ ಗೆರೆ ಎಳೆದು, ಅದರ ಪಕ್ಕದಲ್ಲಿ ತಮ್ಮ ಸೈಕಲ್ಲಿನೊಂದಿಗೆ ನಿಂತಿದ್ದರು. ಮೆಣಸು ಕಾರ್ಖಾನೆಯಿಂದ ನೇರ ಬಂದಿದ್ದಳು. ಅವತ್ತು ಹೊಸ ಬಟ್ಟೆಯ ಎಂಟು ಥಾನು ಕತ್ತರಿಸಿದ್ದಳಂತೆ, ಬಲಗೈ ಕೆಂಪಾಗಿತ್ತು. ಮಾಸ್ತರು ನೋಡಿದರು. ಅವರದು ಗಟ್ಟಿ ಮನಸ್ಸೇ ಹೊರತು ಕೆಟ್ಟ ಮನಸ್ಸಲ್ಲ.

“ತುಂಬ ದಣಿದಿದ್ದೀಯಮ್ಮ. ಬೇಕಾದ್ರೆ ನಾಳೆ ಬೆಳಿಗ್ಗೆ, ಸವಾರಿ ಹೊರಡೋ ಮೊದಲು ನೋಡೋಣ. ಕೈ ಹಗುರ ಇರುತ್ತೆ.”

ಮೆಣಸು ಅತ್ತಿಗೆಯ ಮುಖ ನೋಡಿದಳು. ಗೇಣಕ್ಕ ಇಳಿಜಾರಿನತ್ತ ತಿರುಗಿದಳು. ಹೇಳಬೇಕಾದವಳು ಅವಳಲ್ಲ.

“ಬೇಡ ಸರ್, ಈಗಲೇ ಆಗಲಿ” ಎಂದಳು ಮೆಣಸು. “ಎರಡನೇ ಗುಡ್ಡ ಇಳಿಯೋ ಹೊತ್ತಿಗೆ ನಾಳೆಯೂ ಕೈ ಹೀಗೇ ಇರುತ್ತೆ. ದಣಿದ ಕೈಗೇ ಅಲ್ವಾ ಬ್ರೇಕು ಬೇಕಾಗೋದು.”

ಅವಳು ಸೈಕಲ್ ತಳ್ಳಿಕೊಂಡು ಮೇಲೆ ಹೋದಳು. ಗೇಣಕ್ಕ ಗೆರೆಯ ಪಕ್ಕದಲ್ಲಿ ನಿಂತಳು. ಎದೆ ಬಡಿದುಕೊಳ್ಳುತ್ತಿರಲಿಲ್ಲ ಎಂದರೆ ಸುಳ್ಳಾದೀತು, ಆದರೆ ಅದು ಹೆದರಿಕೆಯ ಬಡಿತವಲ್ಲ. ಸರಿಯಾಗಿ ಕೂರಿಸಿದ ಚಕ್ರವನ್ನು ಮೊದಲ ಸಲ ನೆಲಕ್ಕೆ ಬಿಡುವಾಗ ಬರುವಂಥದ್ದು. ಅಳತೆ ಈ ಸಲ ಸರಿಯಿತ್ತು. ಅವಳಿಗೆ ಗೊತ್ತಿತ್ತು.

ಮೇಲಿನ ತಿರುವಿನಲ್ಲಿ ಮೆಣಸು 'ಹೊರಟೆ' ಎಂದು ಕೂಗಿದಳು. ಬೆನ್ನು ಬಗ್ಗಿತು, ಕೈ ಕೆಳಗಿನ ಬಾಗಿಗೆ ಇಳಿಯಿತು. ವೇಗ ಏರಿತು. ಮಾಸ್ತರು ಚಕ್ರ ನೋಡುತ್ತಿದ್ದರು, ಗೇಣಕ್ಕ ಬೆರಳು ನೋಡುತ್ತಿದ್ದಳು. ವಿದ್ಯುತ್ ಕಂಬ ದಾಟುತ್ತಲೇ ಎರಡು ತೋರುಬೆರಳುಗಳು ಒಟ್ಟಿಗೆ ಮುಂದಕ್ಕೆ ಬಂದು, ಹಿಡಿಗಳನ್ನು ಸುತ್ತಿ, ಮೆಲ್ಲನೆ ಒತ್ತಿ, ಆಮೇಲೆ ಗಟ್ಟಿಯಾಗಿ ಒತ್ತಿದವು. ಕಿರುಚಾಟವಿಲ್ಲ, ಜಾರಾಟವಿಲ್ಲ. ಮುಂಚಕ್ರ ಗೆರೆಗೆ ಒಂದು ಮೊಳ ಮೊದಲೇ ನಿಂತಿತು. ಮೆಣಸು ಒಂದು ಕಾಲು ನೆಲಕ್ಕಿಟ್ಟಳು.

“ಮತ್ತೊಂದು ಸಲ” ಎಂದರು ಮಾಸ್ತರು.

ಅವಳು ಆಗಲೇ ತಿರುಗಿ ಹತ್ತತೊಡಗಿದ್ದಳು. ಎರಡನೆಯ ಸಲ ಇನ್ನೂ ಜೋರಾಗಿ ಬಂದು, ಬೇಕೆಂದೇ ತಡವಾಗಿ ಒತ್ತಿ, ಚಕ್ರದ ಮೂಗನ್ನು ಗೆರೆಗೆ ತಾಗಿಸಿ ನಿಲ್ಲಿಸಿದಳು. ಸುಣ್ಣ ಟೈರಿಗೆ ಮೆತ್ತಿತು, ದಾಟಲಿಲ್ಲ.

ಮಾಸ್ತರು ಬಗ್ಗಿ ಗೆರೆ ನೋಡಿದರು, ಟೈರು ನೋಡಿದರು, ಹಿಡಿಯ ಬುಡದ ಕಪ್ಪು ಬೆಣೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ನೆಟ್ಟಗಾಗಿ ಹೇಳಿದರು: “ಇಷ್ಟು ದಿನ ನಿನ್ನ ಜಾಗ ಸಾಲಿನ ಕೊನೆಯಲ್ಲಿತ್ತು. ನಾಳೆ ನೀನು ಮೂರನೆಯವಳು. ನಿನ್ನ ಹಿಂದೆ ಒಂಬತ್ತು ಜನ ನಿನ್ನ ಬ್ರೇಕನ್ನ ನಂಬಿ ಇಳೀತಾರೆ. ಗೊತ್ತಾಯ್ತಾ?”

“ಗೊತ್ತಾಯ್ತು ಸರ್. ನನ್ನ ಮುಂದೆ, ಎರಡನೆಯವರು ಯಾರು?”

“ನಾನೇ.”

ಮೆಣಸು ಅವರ ಸೈಕಲ್ಲಿನ ಹ್ಯಾಂಡಲನ್ನೂ, ಗಂಟು ಕಟ್ಟಿದ ಗೆಣ್ಣುಗಳ ಅವರ ಕೈಯನ್ನೂ ಒಂದು ಸಲ ನೋಡಿದಳು.

“ನಿಮ್ಮ ಬ್ರೇಕು ಸಂಜೆಗೂ ಕೈಗೆ ಸಿಗುತ್ತಾ ಸರ್? ಹಿಂದೆ ಇರೋಳು ನಾನು. ನನಗೂ ಮೊಣಕೈ ಇದೆ.”

ಮಾಸ್ತರು ನಗಲಿಲ್ಲ. ತಮ್ಮ ಹಿಡಿಯನ್ನು ಒಮ್ಮೆ ಎಳೆದು ನೋಡಿದರು, ಇನ್ನೊಮ್ಮೆ ಎಳೆದರು, ಆಮೇಲೆ ಸೈಕಲ್ಲನ್ನು ಗೇಣಕ್ಕನ ಕಡೆಗೆ ತಳ್ಳಿದರು.